ಸೂಟ್‌ಕೇಸ್ ಇಳಿಸಿದ ಸುದ್ದಿ

ನನಗೆ ಯುದ್ಧದ ಹೆದರಿಕೆ ಹತ್ತಿಕೊಂಡದ್ದು ಬಿ.ಎ.ಯಲ್ಲಿ ಚರಿತ್ರೆ ಓದಿದ್ದರಿಂದ. ವಿದ್ಯೆಯಿಂದ ಧೈರ್ಯ ಬರುತ್ತದೆ ಎನ್ನುವವರು ಬಹುಶಃ ಕಾಮರ್ಸ್ ಓದಿದವರಿರಬೇಕು. ಉಡುಪಿಯ ಕಾಲೇಜಿನಲ್ಲಿ ಮೊದಲನೆಯ ಮಹಾಯುದ್ಧದ ಕಾರಣಗಳನ್ನು ನಾನು ಪಾಯಿಂಟು ಪಾಯಿಂಟಾಗಿ ಬಾಯಿಪಾಠ ಮಾಡಿದ್ದೆ. ಆಮೇಲೆ ಮದುವೆಯಾಗಿ ಮಸ್ಕತ್ತಿಗೆ ಬಂದು, ಹಮ್ರಿಯಾದ ಫ್ಲಾಟಿನಲ್ಲಿ ನೀರುಳ್ಳಿ ಹೆಚ್ಚುತ್ತಾ ಸಾಮ್ರಾಜ್ಯಗಳನ್ನೆಲ್ಲ ಮರೆತೆ. ಮರೆಯದೆ ಉಳಿದದ್ದು ಒಂದೇ: ಆಸ್ಟ್ರಿಯದ ಯುವರಾಜನ ಕಾರಿನ ಡ್ರೈವರ್ ದಾರಿ ತಪ್ಪಿ ಬೇರೊಂದು ಬೀದಿಗೆ ತಿರುಗಿಸಿದನಂತೆ, ಅಲ್ಲಿಯೇ ಪಿಸ್ತೂಲು ಹಿಡಿದವನು ನಿಂತಿದ್ದನಂತೆ, ಮಹಾಯುದ್ಧ ಹತ್ತಿಕೊಂಡದ್ದು ಆ ಗುಂಡಿನಿಂದಲೇ ಅಂತೆ. ಇದನ್ನು ಓದಿದ ಮೇಲೆ ಯಾವ ಕಾರಿನಲ್ಲಿ ತಾನೇ ನೆಮ್ಮದಿಯಿಂದ ಕೂರಲಿಕ್ಕಾಗುತ್ತದೆ? ನನ್ನ ಯಜಮಾನರು ಫೆಲಿಕ್ಸ್, ವಾದಿ ಅದಾಯಿ ಎಂಬ ಬಡಾವಣೆಯ ಸ್ಪೇರ್ ಪಾರ್ಟ್ಸ್ ಷೋರೂಮಿನಲ್ಲಿ ಕೆಲಸಕ್ಕಿದ್ದರು. ಅವರು ರೌಂಡ್ ಅಬೌಟಿನಲ್ಲಿ ತಪ್ಪು ದಾರಿ ಹಿಡಿದಾಗಲೆಲ್ಲ ನಾನು "ಅಯ್ಯೋ ದೇವರೇ" ಎನ್ನುತ್ತಿದ್ದೆ. ತಮ್ಮ ಡ್ರೈವಿಂಗಿನ ಮೇಲೆ ನನಗೆ ನಂಬಿಕೆಯಿಲ್ಲವೆಂದು ಪಾಪ, ಅವರು ಬೇಸರಪಟ್ಟುಕೊಳ್ಳುತ್ತಿದ್ದರು.

ತೊಂಬತ್ತರ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ನುಂಗಿತು. ನಾನು ಮಗಳ ಅಟ್ಲಾಸ್ ತೆಗೆದು ಕುವೈತಿಗೂ ನಮಗೂ ನಡುವೆ ಬೆರಳಿಟ್ಟು ಅಳೆದೆ. ಎಷ್ಟು ಸಲ ಅಳೆದರೂ ದೂರ ಸಾಕೆನಿಸಲಿಲ್ಲ. ಫೆಲಿಕ್ಸ್ ಮಾತ್ರ ಮೀನಿನ ಮುಳ್ಳು ಬಿಡಿಸುತ್ತಾ, "ಸುಮ್ನೆ ತಲೆ ಕೆಡಿಸ್ಕೊಳ್ಬೇಡ. ಕ್ರಿಸ್ಮಸ್ ಒಳಗೆ ಎಲ್ಲ ಖಲಾಸ್" ಎಂದರು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಸಾವಿರದ ಒಂಬೈನೂರ ಹದಿನಾಲ್ಕರಲ್ಲಿ ಯುರೋಪಿನ ಹುಡುಗರು ರೈಲು ಹತ್ತುವಾಗ ಹೇಳಿದ್ದೂ ಇದನ್ನೇ. ಆಮೇಲೆ ಅವರಲ್ಲಿ ಬದುಕಿ ಉಳಿದವರು ನಾಲ್ಕು ಕ್ರಿಸ್ಮಸ್‌ಗಳನ್ನು ಕಂದಕದ ಕೆಸರಿನಲ್ಲಿ ಕಂಡರು. ಇದನ್ನು ಊಟದ ಹೊತ್ತಿನಲ್ಲಿ ಗಂಡನಿಗೆ ವಿವರಿಸುವುದು ಹೇಗೆ?

ಕ್ರಿಸ್ಮಸ್ ಬಂತು, ನೆರೆಕರೆಗೆ ಕುಸ್ವಾರಿನ ತಿಂಡಿಗಳ ತಟ್ಟೆ ಹಂಚಿಯೂ ಆಯಿತು. ಖಲಾಸ್ ಮಾತ್ರ ಆಗಲಿಲ್ಲ. ಬದಲಿಗೆ ಜನವರಿಯ ಗಡುವೊಂದು ಬಂದು ಕೂತಿತು. ಅಷ್ಟರೊಳಗೆ ಇರಾಕ್ ಹಿಂದೆ ಸರಿಯದಿದ್ದರೆ ಯುದ್ಧ. ನಮ್ಮ ಮನೆಯಲ್ಲಿ ಆ ತಿಂಗಳು ಇದ್ದದ್ದು ಒಂದೇ ಪ್ರಶ್ನೆ: ನಾನೂ ಮಗಳೂ ಮಂಗಳೂರಿಗೆ ಹೊರಟುಬಿಡುವುದೋ, ಮೂವರೂ ಇಲ್ಲೇ ಇರುವುದೋ? ಫೆಲಿಕ್ಸ್ ಬರುವ ಹಾಗಿರಲಿಲ್ಲ, ಅವರಿಗೆ ವೀಸಾ ಕೊಟ್ಟ ಅರಬಿ ಧಣಿ, ಕಫೀಲ್, ರಜೆ ಕೊಡುವವನಲ್ಲ. "ನೀನು ಹೇಗೆ ಹೇಳ್ತೀಯೋ ಹಾಗೆ" ಎಂದು ಭಾರವನ್ನೆಲ್ಲ ನನ್ನ ತಲೆಗೆ ಕಟ್ಟಿ ಅವರು ಷೋರೂಮಿಗೆ ಹೊರಟರು. ಹತ್ತನೇ ಕ್ಲಾಸಿನಲ್ಲಿದ್ದ ಮಗಳು ಲವೀನಾ, "ಮಮ್ಮಾ, ಐ ಹ್ಯಾವ್ ಬೋರ್ಡ್ಸ್!" ಎಂದು ಕಾಲು ಅಪ್ಪಳಿಸಿದಳು.

ಅವಳ ಬೋರ್ಡ್ ಪರೀಕ್ಷೆಗೆ ಪಾಠ ಯಾವುದು ಅಂದುಕೊಂಡಿರಿ? ಅದೇ ಮಹಾಯುದ್ಧ. ಅವಳು ಕಾರಣಗಳನ್ನು ಅಂಗಡಿಯ ಸಾಮಾನಿನ ಚೀಟಿ ಓದುವಂತೆ ಒದರುವುದನ್ನು ಕೇಳಲಾರದೆ ನಾನೇ ಕಲಿಸಲು ಕೂತೆ. "ನೋಡು, ಒಂದು ದೇಶ ತನ್ನ ಸೈನ್ಯವನ್ನು ಗಡಿಗೆ ತಂದಿತು, ಸುಮ್ಮನೆ ಒಂದು ಜಾಗ್ರತೆಗೆ ಅಂತ. ಪಕ್ಕದ ದೇಶ ಅದನ್ನು ನೋಡಿ ತಾನೂ ತಂದಿತು, ಅದೂ ಜಾಗ್ರತೆಗೆ. ಹೀಗೆ ಎಲ್ಲರೂ ಜಾಗ್ರತೆ ಮಾಡಿ ಮಾಡಿ, ಕೊನೆಗೆ ರೈಲುಗಳು ಹೊರಟ ಮೇಲೆ ನಿಲ್ಲಿಸಲಿಕ್ಕೆ ರಾಜರಿಂದಲೂ ಆಗಲಿಲ್ಲ." ಪಾಠ ಎಷ್ಟು ಚೆನ್ನಾಗಿ ಆಯಿತೆಂದರೆ, ಕೇಳಿದ ಮಗಳು ಆಕಳಿಸಿದಳು, ಹೇಳಿದ ನನಗೆ ಎದೆ ಢವಢವ ಹೊಡೆದುಕೊಂಡಿತು. ಮರುದಿನ ಬೆಳಿಗ್ಗೆ ಕಪಾಟಿನ ಮೇಲಿಂದ ಸೂಟ್‌ಕೇಸ್ ಇಳಿಸಿ, ನುಸಿಗುಳಿಗೆಯ ವಾಸನೆ ಹೋಗಲೆಂದು ಬಾಲ್ಕನಿಯಲ್ಲಿ ಇಟ್ಟೆ. ಸುಮ್ಮನೆ, ಒಂದು ಜಾಗ್ರತೆಗೆ.

ಗಲ್ಫಿನಲ್ಲಿ ಬಸುರನ್ನು ಬೇಕಾದರೆ ಮುಚ್ಚಿಡಬಹುದು, ಇಳಿಸಿದ ಸೂಟ್‌ಕೇಸನ್ನು ಮುಚ್ಚಿಡಲಾಗದು. ಊರಿಗೆ ಹೊರಟವರ ಕೈಯಲ್ಲಿ ನೆರೆಯವರೆಲ್ಲ ತಮ್ಮ ಮನೆಗೆ ಪಾರ್ಸೆಲ್ ಕಳಿಸುವುದು ನಮ್ಮಲ್ಲಿ ಹಕ್ಕು. ಎದುರು ಫ್ಲಾಟಿನ ಸುಮತಿ, ಕಾಪುವಿನವಳು, ಮಧ್ಯಾಹ್ನವೇ ಹಾಲಿನ ಪುಡಿಯ ಡಬ್ಬ ಹಿಡಿದು ಬಂದಳು. "ಎಂತ ಐರಿನಕ್ಕ, ಊರಿಗೆ ಹೊರಟದ್ದು ಹೇಳ್ಲೇ ಇಲ್ಲ ಮಾರಾಯ್ರೆ! ಅಮ್ಮನಿಗೆ ಇದೊಂದು ಮುಟ್ಟಿಸಿ ಆಯ್ತಾ." ಹಿಂದೆಯೇ ಕೆಳಗಿನ ಮನೆಯಿಂದ ನೋವಿನ ಮುಲಾಮು, ಮೇಲಿನ ಮನೆಯಿಂದ ಟಾರ್ಚು, ಸಾಬೂನು. ಜೀವ ಉಳಿಸಿಕೊಂಡು ಓಡಲೆಂದು ಇಳಿಸಿದ ಸೂಟ್‌ಕೇಸಿನಲ್ಲಿ ನನ್ನದೊಂದು ಸೀರೆಗೂ ಜಾಗವಿಲ್ಲವಾಯಿತು. ಹೊರಡುವುದು ಇನ್ನೂ ಗಟ್ಟಿಯಾಗಿಲ್ಲ, ಯುದ್ಧದ ಹೆದರಿಕೆಗೆ ಇಳಿಸಿಟ್ಟದ್ದು ಎಂದು ಕೊನೆಗೆ ಸುಮತಿಗೆ ನಿಜ ಹೇಳಿದೆ. ಅವಳು ಗೊಳ್ಳೆಂದು ನಕ್ಕಳು. "ಯುದ್ಧ ಹಮ್ರಿಯಾಕ್ಕೆ ಬರುದಾ? ಇಲ್ಲಿ ಪಾರ್ಕಿಂಗಿಗೇ ಜಾಗ ಇಲ್ಲ!"

ನಕ್ಕವಳ ಬಾಲ್ಕನಿಯಲ್ಲಿಯೂ ಸಂಜೆಗೆ ಒಂದು ಸೂಟ್‌ಕೇಸ್ ಕಂಡಿತು. ಎರಡು ದಿನ ಕಳೆಯುವುದರೊಳಗೆ ಕಟ್ಟಡದ ಬಾಲ್ಕನಿಗಳಲ್ಲೆಲ್ಲ ಕೆಂಪು, ನೀಲಿ, ಹಗ್ಗ ಕಟ್ಟಿದ ಸೂಟ್‌ಕೇಸುಗಳು ಬಿಸಿಲು ಕಾಯಿಸುತ್ತಿದ್ದವು. ಕೆಳಗಿನ ಅಂಗಡಿಯಲ್ಲಿ ಕುಚ್ಚಲಕ್ಕಿ ಮುಗಿಯಿತು, ಮೇಣದ ಬತ್ತಿ ಮುಗಿಯಿತು. ವಿಷದ ಗಾಳಿ ಬಂದರೆ ಕಿಟಕಿ ಮುಚ್ಚಲು ಬೇಕೆಂದು ಯಾರೋ ಹೇಳಿ, ಕಂದು ಬಣ್ಣದ ಅಂಟುಪಟ್ಟಿಯೂ ಮುಗಿಯಿತು. ಎಲ್ಲರದೂ ಒಂದೇ ಮಾತು: "ಹೆದ್ರಿಕೆಗಲ್ಲಪ್ಪ, ಸುಮ್ನೆ." ಅಡುಗೆಮನೆಯ ಕಿಟಕಿಯಿಂದ ಆ ಬಾಲ್ಕನಿಗಳನ್ನು ನೋಡುತ್ತಾ ನನಗೆ ಮಗಳಿಗೆ ಹೇಳಿದ ಪಾಠವೇ ನೆನಪಾಯಿತು.

ಪಾರ್ಸೆಲ್‌ಗಳೂ ಬದಲಾದವು. ಕೊಟ್ಟವರೇ ಬಂದು ಡಬ್ಬ, ಸಾಬೂನು ವಾಪಸ್ ಒಯ್ದು ಬೇರೇನೋ ತಂದಿಟ್ಟರು. ಮದುವೆಯ ಆಲ್ಬಮ್. ಕಾಲೇಜಿನ ಸರ್ಟಿಫಿಕೇಟು. ಒಬ್ಬರು ಮಗುವಿನ ಮೊದಲ ಬೆಳ್ಳಿ ಉಡಿದಾರವನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದರು. "ಊರಲ್ಲಿ ಇರ್ಲಿ" ಎನ್ನುತ್ತಿದ್ದರು, ನನ್ನ ಮುಖ ನೋಡುತ್ತಿರಲಿಲ್ಲ. ನಾನು ಕಾಲೇಜಿನಲ್ಲಿ ಕಲಿತದ್ದು ಯುದ್ಧ ಶುರುವಾದ ಮೇಲೆ ಏನಾಗುತ್ತದೆ ಎಂದು. ಅದು ಶುರುವಾಗುವ ಮುಂಚೆ ಮನೆಮನೆಗಳಲ್ಲಿ ಏನಾಗುತ್ತದೆ ಎಂದು ಯಾವ ಮೇಷ್ಟರೂ ಹೇಳಿರಲಿಲ್ಲ.

ಗಡುವು ತೀರಾ ಹತ್ತಿರ ಬಂದ ಒಂದು ಮಧ್ಯಾಹ್ನ ಸುಮತಿ ಮತ್ತೆ ಬಂದಳು. ಈ ಸಲ ಜೊತೆಗೆ ನಾಲ್ಕು ವರ್ಷದ ಮಗಳು ದೀಕ್ಷಾ ಇದ್ದಳು. ಎರಡು ಜಡೆ ಹಾಕಿ, ಹೊಸ ಫ್ರಾಕು ತೊಡಿಸಿ, ಹೆಗಲಿಗೊಂದು ಪುಟ್ಟ ಚೀಲ.

"ಐರಿನಕ್ಕ, ಇವಳನ್ನೊಂದು ಕಾಪುವಿಗೆ ಮುಟ್ಟಿಸಿಬಿಡ್ತೀರಾ? ಅಮ್ಮನ ಹತ್ರ."

"ನೀನು ಬರುದಿಲ್ವಾ?"

"ಅವ್ರೊಬ್ರನ್ನೇ ಬಿಟ್ಟು ನಾನು ಹೇಗೆ ಬರ್ಲಿ?" ಎಂದಳು. ಆಮೇಲೆ ಸೆರಗಿನಿಂದ ಮಗುವಿನ ಮೂಗು ಒರೆಸುತ್ತಾ, "ಇವಳು ಜಗಳ ಮಾಡುದಿಲ್ಲ. ಊಟಕ್ಕೆ ಮಾತ್ರ ಸ್ವಲ್ಪ ಹಟ" ಎಂದಳು.

ಮಗುವಿಗೆ ಮೊದಲೇ ಹೇಳಿಕೊಟ್ಟಿದ್ದರೆಂದು ತೋರುತ್ತದೆ, ಬಂದು ನನ್ನ ಬೆರಳು ಹಿಡಿದುಕೊಂಡು ನಿಂತಿತು. ನನ್ನ ಜೀವಮಾನದಲ್ಲಿ ನಾನು ಅಷ್ಟು ಹೆದರಿದ್ದಿಲ್ಲ. ಆಲ್ಬಮ್ಮನ್ನಾದರೆ ತಲುಪಿಸಿ ಬಿಡಬಹುದು. ಇಲ್ಲಿ ಏನಾದರೂ ಆಗಿಹೋದರೆ ಈ ಮಗುವನ್ನು ನಾನು ಯಾರಿಗೆ ತಿರುಗಿ ಕೊಡಲಿ? ನನ್ನ ಮಗಳು ಅಪ್ಪನನ್ನು ಕೇಳಿದರೆ ಅವಳಿಗೆ ಏನು ಹೇಳಲಿ? ಮೊಣಕಾಲು ನಡುಗಿ ಪಕ್ಕದ ಕುರ್ಚಿ ಹಿಡಿದುಕೊಂಡೆ. ಯೋಚಿಸಿ ಆಡಿದ ಮಾತಲ್ಲ, ಬಾಯಿಯೇ ಆಡಿಬಿಟ್ಟಿತು: "ಇಲ್ಲ ಸುಮತಿ, ನಾನು ಹೋಗುದಿಲ್ಲ."

"ಹೌದಾ? ಹಾಗಾದ್ರೆ ಸರಿ" ಎಂದು ಅವಳು ಮಗುವಿನ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು. ಸಂಜೆ ಅವಳ ಬಾಲ್ಕನಿಯ ಸೂಟ್‌ಕೇಸ್ ಒಳಗೆ ಹೋಗಿತ್ತು. ಮರುದಿನ ಇನ್ನೆರಡು. ಆಲ್ಬಮ್ಮು, ಉಡಿದಾರಗಳೆಲ್ಲ ಒಂದೊಂದಾಗಿ ಒಡೆಯರನ್ನು ಸೇರಿದವು.

ಯುದ್ಧ ನಡೆದೇ ನಡೆಯಿತು. ಟಿ.ವಿ.ಯಲ್ಲಿ ಇರಾಕಿನ ರಾತ್ರಿಯ ಆಕಾಶಕ್ಕೆ ಹಸಿರು ಬೆಂಕಿ ಹಾರುವುದನ್ನು ಎಲ್ಲರೂ ನಮ್ಮ ಮನೆಯಲ್ಲೇ ಒತ್ತಿ ಕೂತು ನೋಡಿದೆವು. ವಿಮಾನದ ಸದ್ದು ಕೇಳಿದರೆ ಮಾತು ನಿಲ್ಲುತ್ತಿತ್ತು, ಒಳಗೆ ಪಾತ್ರೆ ಬಿದ್ದರೆ ನಾನು ಚೀರುತ್ತಿದ್ದೆ. ಅದು ನಮ್ಮ ತನಕ ಬರಲಿಲ್ಲ. ಬೇರೆ ಯಾರದೋ ಮನೆಗಳಿಗೆ ಹೋಯಿತು ಎಂಬುದನ್ನು ನೆನೆದರೆ, ದೇವರಿಗೆ ಕೃತಜ್ಞತೆ ಹೇಳಲೂ ನಾಚಿಕೆಯಾಗುತ್ತದೆ.

ಕೆಲವು ವರ್ಷಗಳ ನಂತರ ನಾವು ಒಮಾನ್ ಬಿಟ್ಟು ಹೊರಡುವ ವಾರ ಸುಮತಿ ಚಹಾಕ್ಕೆ ಕರೆದಳು. ಅಷ್ಟು ದಿನ ಕೇಳದ್ದನ್ನು ಕೇಳಿಯೇಬಿಟ್ಟೆ. "ಅವತ್ತು ನಾನು ಒಲ್ಲೆ ಅಂದ್ಮೇಲೆ ಮಗುವನ್ನು ಬೇರೆ ಯಾರ ಜೊತೆಗಾದ್ರೂ ಕಳಿಸ್ಬಹುದಿತ್ತಲ್ಲ. ಯಾಕೆ ಇಟ್ಕೊಂಡೆ?"

"ಅಯ್ಯೋ, ನೀವು ಚರಿತ್ರೆ ಕಲಿತವರಲ್ವಾ ಐರಿನಕ್ಕ! ಯುದ್ಧ ಇಲ್ಲಿಗೆ ಬರುದಾದ್ರೆ ನಿಮ್ಗೆ ಗೊತ್ತಾಗುದಿಲ್ವಾ? ನೀವೇ ಹೋಗುದಿಲ್ಲ ಅಂದ್ಮೇಲೆ ನಂಗೆಂತ ಹೆದ್ರಿಕೆ? ಕಟ್ಟಡದಲ್ಲಿ ಎಲ್ರಿಗೂ ಅದನ್ನೇ ಹೇಳಿದೆ."

ನನ್ನ ಮೊಣಕಾಲಿನ ಕತೆಯನ್ನು ಅವಳಿಗೆ ಹೇಳಬೇಕೆಂದು ಬಾಯಿ ತೆರೆದೆ, ಹೇಳಲಾಗಲಿಲ್ಲ. ಉದ್ದ ಬೆಳೆದ ದೀಕ್ಷಾ ಅಲ್ಲೇ ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದಳು. "ಹೌದು, ಗೊತ್ತಿತ್ತು" ಎಂದು ಗಂಭೀರವಾಗಿ ಒಂದು ಬಿಸ್ಕತ್ತು ತೆಗೆದುಕೊಂಡೆ. ಒಬ್ಬರನ್ನೊಬ್ಬರು ತಪ್ಪು ತಿಳಿದು ಕಾದಾಡಿದವರ ಚರಿತ್ರೆಯನ್ನು ನಾನು ಬೇಕಾದಷ್ಟು ಓದಿದ್ದೇನೆ. ಒಬ್ಬರನ್ನೊಬ್ಬರು ತಪ್ಪು ತಿಳಿದೇ ಒಟ್ಟಿಗೆ ಉಳಿದವರದನ್ನು ಯಾರೂ ಬರೆದಿಡುವುದಿಲ್ಲ, ಏಕೆಂದರೆ ಅವರಲ್ಲಿ ಯಾರೂ ಬಾಯಿ ಬಿಡುವುದಿಲ್ಲ.