ಎ.ಸಿ. ನೀರಿಗೆ ಬಂದ ಜೇನು

ಬಕೆಟ್ ಎತ್ತಲು ಕೈ ಹಾಕಿದೆ. ಕುಟುಕಿಯೇಬಿಟ್ಟಿತು.

ಗಲ್ಫಿನ ಅಲ್ ನಹ್ದಾದ ನಮ್ಮ ಬಾಲ್ಕನಿಯಲ್ಲಿ ಎ.ಸಿ. ನೀರು ತೊಟ್ಟಿಕ್ಕುವ ಬಕೆಟ್ ಅದು. ಅಂಚಿನ ತುಂಬ ಜೇನುನೊಣಗಳು. ಹುಡುಕಿದರೆ ಪಕ್ಕದ ಕರಿಬೇವಿನ ಕೊಂಬೆಗೇ ಅಂಗೈಯಗಲದ ಗೂಡು. (ಊರಲ್ಲಿ ಕೋಲುಜೇನು ಅನ್ನುತ್ತೇವಲ್ಲ, ಅದೇ.) ಈ ಮರಳಿನಲ್ಲಿ ಅವಕ್ಕೆ ಹೂವೆಲ್ಲಿ ಸಿಕ್ಕಿತೋ?

ಪಕ್ಕದ ಫ್ಲ್ಯಾಟಿನ ಝೊಹರಾ, ಉಪ್ಪಿನಂಗಡಿಯವರು, ಮೊಮ್ಮಗುವನ್ನು ಎತ್ತಿಕೊಂಡೇ ಬಂದರು. ಮಗುವಿಗೆ ಕಚ್ಚಿದರೆ ಏನು ಗತಿ ಎಂದರು. ನ್ಯಾಯವೇ. ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸುತ್ತೇನೆಂದು ಮಾತು ಕೊಟ್ಟೆ.

ಅಡ್ಡ ಬಂದದ್ದು ನಮ್ಮವರು. ಬಾಯಿಬಿಟ್ಟು ಬೇಡವೆನ್ನುವ ಜನವೇ ಅಲ್ಲ. ಆಫೀಸಿನೊಳಗೆ ಕೂತಿದ್ದವರನ್ನು ಐವತ್ತಾರನೇ ವಯಸ್ಸಿಗೆ ಬನಿಯಾಸ್‌ನ ಕಟ್ಟಡ ಕಟ್ಟುವ ಸೈಟಿಗೆ ಹಾಕಿದಾಗಲೂ ತುಟಿ ಬಿಚ್ಚಿರಲಿಲ್ಲ. (ಮಧ್ಯಾಹ್ನ ಬ್ರೇಕ್ ಇದೆ, ನಿಜ. ಉಳಿದ ಹೊತ್ತಿನದ್ದೂ ಬಿಸಿಲೇ ತಾನೆ?) ಅಲ್ಲಿ ಒಮ್ಮೆ ತಲೆ ತಿರುಗಿ ಕುಸಿದದ್ದೂ ನನಗೆ ತಿಳಿದದ್ದು ಬೇರೆಯವರಿಂದ.

"ಅವು ನೀರು ಕೊಂಡುಹೋಗುದು ಗೂಡು ತಂಪು ಮಾಡ್ಲಿಕ್ಕೆ ಮಾರಾಯ್ತಿ. ಇರ್ಲಿ ಬಿಡು," ಅಂದರು.

ಮಗಳು ಫೋನಿನಲ್ಲಿ ಓದಿ ಹೇಳಿದಳು. ಎಳೆಯ ನೊಣಗಳು ಒಳಗೆ ಮರಿ ಸಾಕುತ್ತವಂತೆ. ವಯಸ್ಸಾದಂತೆ ಬಿಸಿಲಿಗೆ ಹೊರಡುತ್ತವಂತೆ, ರೆಕ್ಕೆ ಹರಿಯುವವರೆಗೂ. "ಜಸ್ಟ್ ಲೈಕ್ ಪಪ್ಪಾ" ಎಂದು ನಕ್ಕಳು. ನಮಗೆ ನಗು ಬರಲಿಲ್ಲ.

ನಮ್ಮವರು ಝೊಹರಾರನ್ನು ಒಪ್ಪಿಸಿ, ಅವರ ಬಾಲ್ಕನಿಯ ಕಡೆಗೆ ಸೊಳ್ಳೆಬಲೆ ಕಟ್ಟಿದರು. ಗೂಡಿಗೆ ಹಳೇ ಬೆಡ್‌ಶೀಟಿನ ಮರೆ. ದಿನಾ ಸಂಜೆ ಕಂಪನಿ ಬಸ್ಸಿಳಿದು ಬಂದವರು ಮುಖ ತೊಳೆಯುವ ಮೊದಲೇ ಅಲ್ಲಿ ಹೋಗಿ ನಿಲ್ಲುತ್ತಿದ್ದರು.

ಸೆಖೆ ಏರಿತು. ಒಂದು ಶುಕ್ರವಾರ ನೋಡಿದರೆ ಗೂಡು ಖಾಲಿ. ಹನಿ ಜೇನಿಲ್ಲ, ಮರಿಯಿಲ್ಲ. ಇನ್ನು ತಡೆಯಲಾಗದು ಎನ್ನಿಸಿದಾಗ ಅವು ಹೊಸ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತವಂತೆ. ಇದ್ದ ಮರಿಗಳಿಗೆ ರೆಕ್ಕೆ ಬರುವವರೆಗೆ ಕಾದು, ಎಲ್ಲವೂ ಒಟ್ಟಿಗೆ ಎದ್ದು ಹೋಗುತ್ತವಂತೆ.

ನಮ್ಮವರು ಒಣಗಿದ ಮೇಣವನ್ನು ಬೆರಳಲ್ಲಿ ಮುಟ್ಟಿ ನೋಡಿದರು.

"ನಾವೂ ಕೆಲಸ ಖಲಾಸ್ ಮಾಡಿ ಊರಿಗೆ ಹೋಗುವನಾ? ನನಗೆ ಇನ್ನು ಆಗುದಿಲ್ಲ."

ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಕೇಳಿದ್ದು ಅದೊಂದೇ.

ನಾನೇನೆಂದೆ ಗೊತ್ತೇ? ಮಗಳ ಡಿಗ್ರಿ ಮುಗಿಯಲಿ ಎಂದೆ. ಹಿಂದೆಲ್ಲ ಅವರು ಕೇಳುವ ಮೊದಲೇ ಟೆಂತ್ ಮುಗಿಯಲಿ, ಟ್ವೆಲ್ತ್ ಮುಗಿಯಲಿ ಅಂದವಳೂ ನಾನೇ. ಅವರು ಬೆಡ್‌ಶೀಟ್ ಬಿಚ್ಚಿ, ಮಡಚಿ, ಒಳಗೆ ಹೋದರು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮಗಳು ಇಷ್ಟೇ ಅಂದಳು: "ಮಮ್ಮಿ, ಐ ವಿಲ್ ಮ್ಯಾನೇಜ್."

ನೀವೇ ಹೇಳಿ, ರೆಕ್ಕೆ ಬಾರದಿರುವುದು ಅವಳಿಗೋ, ನನಗೋ?