ಬಾಗಿಲಿಗೆ ಕಟ್ಟಿದ ಸುಳ್ಳು ಬೇವು

ಹೋದ ಗುರುವಾರ ಮೊಳಕಾಲ್ಮೂರಿನಲ್ಲಿ ಬಸ್ಸಿಳಿದು ನಮ್ಮ ಹಳೇ ಮನೆಯ ಬೀದಿಗೆ ತಿರುಗಿದೆ. ಬಾಗಿಲ ಮೇಲೆ ಬೇವಿನ ಸೊಪ್ಪು ನೇತಾಡುತ್ತಿತ್ತು.

ಅಲ್ಲೇ ನಿಂತುಬಿಟ್ಟೆ.

ಬೇವು ಕಟ್ಟಿದರೆ ಏನರ್ಥ ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. (ದೂರದಲ್ಲಿ ಕೂತು ಈ ಅಂಕಣ ಓದುವ ನಾಲ್ಕು ಜನರಿಗಾಗಿ ಹೇಳುತ್ತೇನೆ.) ಮನೆಯ ಮಗುವಿಗೆ ದಡಾರ ಎದ್ದಿದೆ, ಅಂದರೆ ಅಮ್ಮ ಬಂದಿದ್ದಾಳೆ, ಹೊರಗಿನವರು ಒಳಗೆ ಬರಬೇಡಿ ಎಂದರ್ಥ. ಅಮ್ಮ ಇರುವಷ್ಟು ದಿನ ಆ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಸೂಜಿ ಹಿಡಿಯುವುದಿಲ್ಲ, ನೆಂಟರನ್ನು ಕರೆಯುವುದಿಲ್ಲ.

ಆರು ವರ್ಷದ ಹಿಂದೆ ಇದೇ ಬಾಗಿಲಿಗೆ ಬೇವು ಕಟ್ಟಿದ್ದು ನನ್ನ ಮಗಳಿಗಾಗಿ. ಗೌರಿ. ಎಂಟು ತಿಂಗಳ ಕೂಸು. ಬೇವೂ ಕಟ್ಟಿದೆವು, ಆಸ್ಪತ್ರೆಗೂ ಓಡಿದೆವು. ದಡಾರ ಎದೆಗಿಳಿದು ಕಫ ಕಟ್ಟಿತು. ಸೊಪ್ಪು ಒಣಗುವ ಮೊದಲೇ ಹೋದಳು.

ಅದಾದ ಮೇಲೆ ನಾನೂ ನನ್ನ ಗಂಡನೂ ಚಳ್ಳಕೆರೆಗೆ ಬಂದೆವು. ಅವರು ಎಣ್ಣೆ ಮಿಲ್ಲಿಗೆ ಹೋಗುತ್ತಾರೆ, ನಾನು ರೇಷ್ಮೆ ಸೀರೆಗೆ ಕುಚ್ಚು ಕಟ್ಟುತ್ತೇನೆ. (ನನ್ನ ಕುಚ್ಚಿನ ಸುದ್ದಿ ಓದಿ ಓದಿ ನಿಮಗೂ ಬೇಸರವಾಗಿರಬೇಕು.) ಹಳೇ ಮನೆಯಲ್ಲಿ ಈಗ ನಮ್ಮ ಅತ್ತೆ, ಮಗ್ಗ ನೇಯುವ ಮೈದುನ, ಅವನ ಹೆಂಡತಿ ರೇಖಾ, ಅವರ ಇಬ್ಬರು ಮಕ್ಕಳು. ದೊಡ್ಡವನು ವಿಶ್ವ. ಚಿಕ್ಕವಳಿಗೆ ಈಗ ತಾನೇ ಒಂಬತ್ತು ತಿಂಗಳು ತುಂಬಿದೆ. ಎಲ್ಲರೂ ಪುಟ್ಟಿ ಅನ್ನುತ್ತಾರೆ. ಮೈದುನ ನೇಯ್ದ ಸೀರೆಗಳನ್ನು ತರಲು, ಕುಚ್ಚು ಕಟ್ಟಿದವನ್ನು ಕೊಡಲು ವಾರಕ್ಕೊಮ್ಮೆ ನಾನು ಅಲ್ಲಿಗೆ ಹೋಗುತ್ತೇನೆ.

ಬೇವು ಕಂಡಾಗ ಎದೆಯಲ್ಲಿ ಮೊದಲು ಎದ್ದದ್ದು ಭಯ ಎಂದು ಬರೆದರೆ ನೀವು ನಂಬುತ್ತೀರಿ. ಆದರೆ ಮೊದಲು ಬಂದದ್ದು ಭಯವಲ್ಲ. 'ಈಗ ರೇಖಾಗೂ ಗೊತ್ತಾಗುತ್ತೆ' ಎಂಬ ಒಂದು ಮಾತು ಬಂತು. ಭಯ ಅದರ ಹಿಂದೆ ಬಂತು. ನಡುವಿನ ಆ ಒಂದು ಗಳಿಗೆಗೆ ಹೊಟ್ಟೆಕಿಚ್ಚು ಎಂದು ಹೆಸರು. ಈ ವಾರ ಬರೆಯಲು ನನ್ನ ಬಳಿ ಬೇರೇನೂ ಇಲ್ಲ.

ಎದುರು ಮನೆಯ ಅಜ್ಜಿ ಜಗಲಿಯಿಂದಲೇ ಕೈಯಾಡಿಸಿದಳು. "ಲೋಪಲಿಕಿ ಪೋವದ್ದಮ್ಮಾ, ಅಮ್ಮ ವಚ್ಚಿಂದಂಟ." ಗಡಿಯ ಊರು ನಮ್ಮದು. ಒಳಗೆ ಹೋಗಬೇಡ, ಅಮ್ಮ ಬಂದಿದ್ದಾಳಂತೆ ಎಂಬುದನ್ನು ಅರ್ಧ ಬೀದಿ ತೆಲುಗಿನಲ್ಲೇ ಹೇಳುತ್ತದೆ.

ಆಗ ಒಳಗಿನಿಂದ ಸಾಸಿವೆ ಸಿಡಿದ ಸದ್ದು ಕೇಳಿತು. ಹಿಂದೆಯೇ ಬೆಳ್ಳುಳ್ಳಿಯ ಘಮ.

ಅಮ್ಮ ಬಂದ ಮನೆಯಲ್ಲಿ ಒಗ್ಗರಣೆಯೇ?

ಚಪ್ಪಲಿ ಬಿಟ್ಟು ಸೀದಾ ಒಳಗೆ ಹೋದೆ. ಪುಟ್ಟಿ ಚಾಪೆಯ ಮೇಲೆ ಕೂತು ಮಗ್ಗದ ಖಾಲಿ ಲಾಳಿಯೊಂದನ್ನು ಕಚ್ಚುತ್ತಿತ್ತು. ಮೈ ಮೇಲೆ ಒಂದು ಗುಳ್ಳೆ ಇಲ್ಲ. ಹಣೆ ಮುಟ್ಟಿದೆ, ತಣ್ಣಗಿತ್ತು. ನನ್ನನ್ನು ನೋಡಿ ನಕ್ಕಿತು. ಕೆಳಗೆ ಎರಡು ಹಲ್ಲು. ಗೌರಿಗೂ ಅಲ್ಲೇ ಎರಡು ಹಲ್ಲು ಬಂದಿದ್ದವು.

"ಏನೇ ರೇಖಾ ಇದು?" ಎಂದೆ.

"ಮೆತ್ತಗೆ ಮಾತಾಡಕ್ಕ," ಎಂದು ರೇಖಾ ಒಲೆ ಸಣ್ಣ ಮಾಡಿದಳು. "ಆರೋಗ್ಯ ಕೇಂದ್ರದ ಆಶಾ ಅಕ್ಕ ದಿನಾ ಬಂದು ಕೂರ್ತಾಳೆ. ಪುಟ್ಟಿಗೆ ಒಂಬತ್ತು ತಿಂಗಳ ಸೂಜಿ ಹಾಕಿಸ್ಬೇಕಂತೆ. ಊರಿಗೆ ಹೋಗ್ತೀವಿ ಅಂದೆ, ನೆಗಡಿ ಐತೆ ಅಂದೆ, ಕೇಳ್ಲಿಲ್ಲ. ಬೇವು ಕಟ್ಟಿದೆ ನೋಡು, ಹೊಸ್ತಿಲಿಂದಲೇ ಕೈಮುಗಿದು ಹೋದ್ಲು."

ನನಗೆ ನಗು ಬರಬೇಕಿತ್ತು. ದಡಾರ ಬಾರದಂತೆ ಹಾಕುವ ಸೂಜಿಯನ್ನು ತಪ್ಪಿಸಲು ದಡಾರ ಬಂದಿದೆ ಎಂದು ಸುಳ್ಳು ಹೇಳುವುದು! ಇಂಥ ಉಪಾಯ ನಮ್ಮ ಬೀದಿಯವರಿಗಲ್ಲದೆ ಇನ್ಯಾರಿಗೆ ಹೊಳೆದೀತು? (ಅದೂ ಒಗ್ಗರಣೆ ಹಾಕುತ್ತಾ.)

ರೇಖಾ ಯಾಕೆ ಹೀಗೆ ಮಾಡಿದಳು ಎಂದು ನೀವು ಕೇಳಬೇಕು. ವಿಶ್ವನಿಗೆ ಆಟಿಸಂ ಇದೆ. ಚೆನ್ನಾಗಿಯೇ ಇದ್ದ. 'ಅವ್ವ' ಅನ್ನುತ್ತಿದ್ದ, 'ನೀರು' ಅನ್ನುತ್ತಿದ್ದ. ಒಂದೂವರೆ ವರ್ಷ ದಾಟಿದ ಮೇಲೆ ಒಂದೊಂದೇ ಮಾತು ನಿಂತವು. ಆ ವಯಸ್ಸಿನಲ್ಲೇ ಒಂದು ಸೂಜಿಯೂ ಬಿದ್ದಿತ್ತು. ಮಾತು ನಿಂತದ್ದನ್ನೂ ಸೂಜಿ ಬಿದ್ದದ್ದನ್ನೂ ಆಗ ಯಾರೂ ಸೇರಿಸಿ ನೋಡಿರಲಿಲ್ಲ. ಸೇರಿಸಿದ್ದು ಅವಳ ಮೊಬೈಲು.

"ಅದ್ರೊಳಗೆ ಪಾದರಸ ಐತಂತೆ ಅಕ್ಕ. ಅಮೆರಿಕದಾಗೇ ದೊಡ್ಡ ಕುರ್ಚಿ ಮೇಲೆ ಕೂತೋರು ಹೇಳ್ತಾ ಅವ್ರೆ. ಅವ್ರಿಗೆ ತಲೆ ಕೆಟ್ಟೈತಾ?"

ಇದನ್ನು ನಾನು ಮೊದಲೇ ಚಳ್ಳಕೆರೆಯ ಮಕ್ಕಳ ಡಾಕ್ಟರ ಬಳಿ ಕೇಳಿ ಬಂದಿದ್ದೆ. ಅವರು ಹೇಳಿದ್ದು ಇಷ್ಟು. ದಡಾರದ ಲಸಿಕೆಯಲ್ಲಿ ಪಾದರಸ ಇಲ್ಲ, ಹಿಂದೆಯೂ ಇರಲಿಲ್ಲ. ಬೇರೆ ಕೆಲವು ಲಸಿಕೆಗಳಲ್ಲಿ ಕೆಡದಿರಲೆಂದು ಅದರ ಒಂದು ರೂಪವನ್ನು ಚೂರು ಸೇರಿಸುತ್ತಾರೆ. ಅದಕ್ಕೂ ಆಟಿಸಂಗೂ ನಂಟಿಲ್ಲ ಎಂದು ಬೇರೆ ಬೇರೆ ದೇಶಗಳಲ್ಲಿ ಬಹಳ ಮಕ್ಕಳನ್ನು ಪರೀಕ್ಷಿಸಿ ಕಂಡುಕೊಂಡಿದ್ದಾರೆ. ಆಟಿಸಂ ಕಣ್ಣಿಗೆ ಬೀಳುವ ವಯಸ್ಸೂ ಸೂಜಿ ಹಾಕಿಸುವ ವಯಸ್ಸೂ ಒಂದೇ ಆದ್ದರಿಂದ ತಾಯಂದಿರಿಗೆ ಒಂದು ಇನ್ನೊಂದರ ಹಿಂದೆ ಬಂದಂತೆ ಕಾಣುತ್ತದೆ.

ಇದನ್ನೆಲ್ಲ ರೇಖಾಗೆ ಒಪ್ಪಿಸಿದೆ.

"ಡಾಕ್ಟ್ರಿಗೇನು, ಅವರ ಮಗ ಮಾತಾಡ್ತಾನೆ," ಎಂದಳು.

ನನ್ನ ಕಿಚ್ಚು ಎದ್ದದ್ದು ಅಲ್ಲೇ. ಅವಳ ಬಳಿ ದೂರಲು ಒಂದು ಸೂಜಿ ಇದೆ. ಅಮೆರಿಕ ಇದೆ, ಪಾದರಸ ಇದೆ, ಆಶಾ ಅಕ್ಕ ಇದ್ದಾಳೆ. ನನಗೆ? ಗೌರಿ ಹೋದದ್ದು ಯಾರ ತಪ್ಪು ಎಂದು ನಾನೂ ಹುಡುಕಿದ್ದೇನೆ. ಯಾರೂ ಸಿಗಲಿಲ್ಲ. ಡಾಕ್ಟರು ತಡ ಮಾಡಲಿಲ್ಲ, ಗಂಡ ತಡ ಮಾಡಲಿಲ್ಲ, ಅತ್ತೆ ಅಡ್ಡ ಬರಲಿಲ್ಲ. ಕೆಟ್ಟವರೇ ಇಲ್ಲದ ಕಥೆ ನನ್ನದು. ಅಂಥ ಕಥೆಯನ್ನು ಯಾರಿಗೆ ಹೇಳುವುದು? ಮೊಬೈಲಿನಲ್ಲಿ ಅದಕ್ಕೆ ಗುಂಪೂ ಇಲ್ಲ.

ಇನ್ನೂ ಇದೆ. ವಿಶ್ವ ತಟ್ಟೆ ಎಸೆದ ಎಂದು ರೇಖಾ ಅತ್ತಾಗ ನನಗೆ ಕಿಚ್ಚು. ಅವನನ್ನು ಮಾತು ಕಲಿಸುವವರ ಬಳಿ ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ, ಬಸ್ಸಿನಲ್ಲಿ ಜನರ ಬಾಯಿಗೆ ಬಿದ್ದು, ಸೋತು ಬಂದಾಗಲೂ ಕಿಚ್ಚು. ಪಾಪ ರೇಖಾ ಎಂದು ಬೀದಿಯವರು ಮರುಗುತ್ತಾರಲ್ಲ, ಮರುಗುವಾಗ ಅವಳ ಮಡಿಲಲ್ಲಿ ಮಗು ಕೂತಿರುತ್ತದೆ. ಇಂಥ ಹೊಟ್ಟೆಕಿಚ್ಚನ್ನು ಯಾವ ದೇವರ ಮುಂದೆ ಹೇಳಿಕೊಳ್ಳಲಿ?

ಅಂದು ನಾನು ಬಂದದ್ದು ಗೊತ್ತಾಗಿ ವಿಶ್ವ ಮಗ್ಗದ ಕೋಣೆಯಿಂದ ಬಂದ. ಮುಖ ನೋಡಲಿಲ್ಲ, ಅವನು ನೋಡುವುದಿಲ್ಲ. ನನ್ನ ಚೀಲದೊಳಗೆ ಕೈ ಹಾಕಿ ಕಟ್ಟಿ ಮುಗಿಸಿದ ಸೀರೆಯ ಕುಚ್ಚನ್ನು ಎಳೆದು ಕೆನ್ನೆಗೆ ಉಜ್ಜಿಕೊಂಡ. ನಾನು ಬಂದಾಗಲೆಲ್ಲ ಅವನು ಮಾಡುವುದು ಅದನ್ನೇ.

ಅವನನ್ನು ನೋಡುತ್ತಾ ರೇಖಾ ಅಂದಳು, "ನೀನು ಅತ್ತು ಮುಗಿಸಿದೆ ಅಕ್ಕ. ನಂದು ದಿನಾ ಐತೆ."

ಬೇಕೆಂದು ಅಂದದ್ದಲ್ಲ. ದಣಿದವರ ಬಾಯಲ್ಲಿ ಇಂಥ ಮಾತು ಬರುತ್ತದೆ. ಆದರೂ ಆರು ವರ್ಷ ಆಡದೆ ಇಟ್ಟುಕೊಂಡದ್ದು ನನ್ನ ಬಾಯಿಂದ ಬಂದುಬಿಟ್ಟಿತು.

"ಆ ಸಲ ಅಮ್ಮ ಬಂದಾಗ ಈ ಮನೇಲಿ ಎರಡು ಮಕ್ಕಳಿದ್ವು ರೇಖಾ. ಒಂದೇ ಜೋಲೀಲಿ ಮಲಗಿಸ್ತಿದ್ವಿ. ಇವನು ಮೂರು ತಿಂಗಳು ದೊಡ್ಡೋನು, ಇವನಿಗೆ ದಡಾರದ ಸೂಜಿ ಆಗಿತ್ತು. ನನ್ನ ಕೂಸಿಗೆ ಇನ್ನೂ ವಯಸ್ಸಾಗಿರ್ಲಿಲ್ಲ. ಯಾರು ಉಳಿದ್ರು?"

ಅವಳು ಒಲೆ ಆರಿಸಿದಳು. ಮಗ್ಗದ ಸದ್ದೂ ನಿಂತಿತು. ಮೈದುನ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಎಂದು ಕಾಣುತ್ತದೆ.

(ಆ ಸೂಜಿಯೇ ಅವನನ್ನು ಕಾಯಿತು ಎಂದು ನಾನು ಆಣೆ ಇಡಲಾರೆ. ಹಾಗೇ ಇರಬೇಕು ಎಂದು ಡಾಕ್ಟರು ಅಂದರು. ನನಗೆ ಅಷ್ಟು ಸಾಕು.)

"ಸರಿ," ಎಂದೆ. "ಸೂಜಿಯಿಂದಲೇ ಹಿಂಗಾಯ್ತು ಅಂತ ಇಟ್ಕೋ. ನಿಜ ಅಲ್ಲ, ಆದ್ರೂ ಇಟ್ಕೋ. ನಿಂದು ಇಷ್ಟು ಕಷ್ಟ ಆದ್ರೆ ಕೊಡು."

"ಏನ್ ಕೊಡ್ಲಿ?"

"ವಿಶ್ವನ್ನ ಕೊಡು. ಮಾತಾಡದೇ ಇದ್ರೂ ಆಯ್ತು, ಮುಖ ನೋಡದೇ ಇದ್ರೂ ಆಯ್ತು. ಈಗಲೇ ಚಳ್ಳಕೆರೆಗೆ ಕರ್ಕೊಂಡು ಹೋಗ್ತೀನಿ."

ರೇಖಾ ಒಲೆಯ ಮುಂದಿನಿಂದ ಎದ್ದು ಬಂದು ಅವನನ್ನು ಬರಸೆಳೆದು ಅಪ್ಪಿಕೊಂಡಳು. ಅಪ್ಪಿದರೆ ಅವನಿಗಾಗದು. ಕೂಗಿ ಕೊಸರಿ ಅವಳ ಕೈ ಪರಚಿದ. ಅವಳು ಬಿಡಲಿಲ್ಲ. "ಕೊಡಲ್ಲ," ಎಂದಳು. "ಯಾಕ್ ಕೊಡ್ಲಿ? ನನ್ನ ಮಗ."

ಇದನ್ನೇ ನಾನು ನಿಮ್ಮ ಮುಂದೆ ಇಡಬೇಕು ಎಂದಿದ್ದೆ. ಆಟಿಸಂ ಬಂದೀತು ಎಂದು ಲಸಿಕೆ ಬಿಡಿಸುವವರು ಟಿವಿಯಲ್ಲಿ, ಮೊಬೈಲಿನಲ್ಲಿ ದೊಡ್ಡ ದನಿಯಲ್ಲಿ ಮಾತಾಡುತ್ತಾರೆ. ಅದರಲ್ಲಿ ಏನೇನು ಬೆರೆಸಿದ್ದಾರೆ ಎಂದು ಕೇಳುತ್ತಾರೆ. ಕೇಳಲಿ, ಮಗುವಿನ ಮೈಗೆ ಹೋಗುವುದನ್ನು ಕೇಳುವುದು ತಪ್ಪಲ್ಲ. ಆದರೆ ಉತ್ತರ ಸಿಕ್ಕ ಮೇಲೂ ಅದನ್ನೇ ಕೇಳುತ್ತಿದ್ದರೆ? ಆ ಮಾತಿನ ಅಡಿಯಲ್ಲಿ ಇನ್ನೊಂದು ಮಾತಿದೆ. ವಿಶ್ವನಂಥ ಮಗ ಇರುವುದಕ್ಕಿಂತ ದಡಾರದ ಅಪಾಯವೇ ವಾಸಿ ಎಂಬ ಮಾತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗಿದೆ? ವಿಶ್ವನ ಅವ್ವನಿಗೇ ಇರಲಿಲ್ಲ.

ಇಷ್ಟೂ ಹೊತ್ತು ಅತ್ತೆ ಮೂಲೆಯಲ್ಲಿ ಕೂತು ನೂಲು ಸುತ್ತುತ್ತಿದ್ದರು. ಬೇವು ಕಟ್ಟಿದ್ದು ಅವರಿಗೆ ಗೊತ್ತೇ ಇರಲಿಲ್ಲವಂತೆ. ಬೆಳಿಗ್ಗೆಯಿಂದ ಹೊರಗೆ ಬಂದಿರಲಿಲ್ಲ. ಈಗ ಎದ್ದು ಬಾಗಿಲಿಗೆ ಹೋದರು. ಸೊಪ್ಪನ್ನು ಕಿತ್ತು ಹಿಡಿದು ಬಂದರು.

"ಯಾರನ್ನ ಕೇಳಿ ಕಟ್ಟಿದೆ ರೇಖಾ?"

"ಸುಮ್ನೆ ಕಟ್ಟಿದ್ದು ಅತ್ತೆ. ಎರಡು ದಿನಕ್ಕೆ."

"ಅಮ್ಮನ ಹೆಸರಲ್ಲಿ ಸುಮ್ನೆ ಅನ್ನೋದು ಐತೇನವ್ವ? ಸುಳ್ಳು ಬೇವು ಕಟ್ಟಿದ ಮನೆ ಯಾವುದು ಅಂತ ಅವಳು ಕೇಳ್ಕೊಂಡು ಬರ್ತಾಳೆ."

ರೇಖಾಳ ಮುಖ ಬಿಳಿಚಿಕೊಂಡಿತು. ಡಾಕ್ಟರು ಹೇಳಿದ್ದಕ್ಕೆ ಬದಲಾಗದ ಮುಖ, ನಾನು ಹೇಳಿದ್ದಕ್ಕೂ ಅಷ್ಟಾಗಿ ಬದಲಾಗದ ಮುಖ. (ಅಮೆರಿಕಕ್ಕೆ ಮದ್ದು ಮೊಳಕಾಲ್ಮೂರಿನಲ್ಲೇ ಇತ್ತು ನೋಡಿ.) ಅತ್ತೆ ಹೇಳಿದ್ದು ಸರಿಯೇ, ತಪ್ಪೇ? ನಾನು ತಕರಾರು ಮಾಡಲಿಲ್ಲ. ಒಂದು ಹೆದರಿಕೆಯನ್ನು ಇನ್ನೊಂದು ಹೆದರಿಕೆಯಿಂದ ಕೀಳುವುದು ಒಳ್ಳೆಯದಲ್ಲ ಎಂದು ಓದಿದವರು ಹೇಳಿಯಾರು. ಅವರು ಆ ಬಾಗಿಲ ಮುಂದೆ ನಿಂತಿರಲಿಲ್ಲ.

ಊಟ ಮಾಡಿದೆವು. ಒಗ್ಗರಣೆ ಚೆನ್ನಾಗಿತ್ತು. ಹೊಸ ಸೀರೆಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟಾಗ ವಿಶ್ವ ಕುಚ್ಚನ್ನು ಬಿಡಲೊಲ್ಲ. ಆ ಸೀರೆಯನ್ನು ಅಲ್ಲೇ ಬಿಟ್ಟು ಬಂದೆ. ಬಸ್ಸಿನಲ್ಲಿ ಬಿ.ಜಿ. ಕೆರೆ ಊರು ದಾಟುವವರೆಗೂ ಕಣ್ಣು ಒರೆಸಿಕೊಂಡೆ. ಯಾಕೆಂದು ಪಕ್ಕದವರು ಕೇಳಿದರು. ಬಿಸಿಲು ಎಂದೆ.

ಶನಿವಾರ ರೇಖಾ ಫೋನ್ ಮಾಡಿದಳು.

"ಹಾಕಿಸ್ದೆ ಅಕ್ಕ."

ಹಿಂದೆ ಪುಟ್ಟಿ ಒಂದೇ ಸಮ ಅಳುತ್ತಿತ್ತು.

"ಮೈ ಬೆಚ್ಚಗೈತೆ. ಬರ್ತೈತೆ, ಹೋಗ್ತೈತೆ ಅಂದ್ಲು ಆಶಾ ಅಕ್ಕ. ಬೆಳಿಗ್ಗೆಯಿಂದ ತೋಳು ಮುಟ್ಟಿಸಿಕೊಳ್ಳಲ್ಲ, ಕೆಳಗೂ ಇಳಿಯಲ್ಲ. ನನ್ನ ಸೊಂಟ ಬಿದ್ದೋಯ್ತು. ಕೇಳಿಸ್ತಾ ಐತಾ? ಏನಾದ್ರೂ ಆದ್ರೆ ನಿನ್ನನ್ನೇ ಕೇಳೋದು ನಾನು."

"ಕೇಳು," ಎಂದೆ.

ಅವಳಿಗೆ ದೂರಲು ಈಗ ನಾನೂ ಸಿಕ್ಕಿದೆ. ಇರಲಿ. ಅವಳು ಫೋನನ್ನು ಎಲ್ಲೋ ಇಟ್ಟು ಕೂಸನ್ನು ಸಮಾಧಾನ ಮಾಡಲು ಹೋದಳು, ಆರಿಸುವುದನ್ನು ಮರೆತಳು. ನಾನೂ ಆರಿಸಲಿಲ್ಲ. ಕೈಯಲ್ಲಿದ್ದ ಕುಚ್ಚಿನ ಸೂಜಿಯನ್ನು ಸೀರೆಗೇ ಚುಚ್ಚಿಟ್ಟು, ಅಳು ನಿಲ್ಲುವವರೆಗೂ ಫೋನನ್ನು ಕಿವಿಗೆ ಒತ್ತಿ ಕೂತಿದ್ದೆ.

ಸೂಜಿ ಚುಚ್ಚಿಸಿಕೊಂಡು ಅಳುವ ಮಗುವಿನ ದನಿಗೆ ಹೊಟ್ಟೆಕಿಚ್ಚು ಪಡುವ ಹೆಂಗಸನ್ನು ನೀವು ಎಲ್ಲಾದರೂ ಕಂಡಿದ್ದೀರಾ?