ಸೆರಗು ಕಟ್ಟಿಕೋ ಎಂದವರು

ನಮಗೆ ರಸಾಯನಶಾಸ್ತ್ರದ ಪ್ರಯೋಗ ಹೇಳಿಕೊಡುತ್ತಿದ್ದ ಡೆಮಾನ್‌ಸ್ಟ್ರೇಟರಿಗೆ ಹುಬ್ಬುಗಳಿರಲಿಲ್ಲ. ಹುಬ್ಬಿರಬೇಕಾದ ಜಾಗದಲ್ಲಿ ನಯವಾದ, ಸ್ವಲ್ಪ ಹೊಳೆಯುವ ಚರ್ಮವಿತ್ತು. ಹಾಗಾಗಿ ಅವರು ಸಿಟ್ಟಾಗಿದ್ದಾರೋ ಬೆರಗಾಗಿದ್ದಾರೋ ಮುಖ ನೋಡಿ ಹೇಳುವಂತಿರಲಿಲ್ಲ. ತಾವು ವಿದ್ಯಾರ್ಥಿಯಾಗಿದ್ದಾಗ ಈಥರಿನ ಬಟ್ಟಲಿನ ಪಕ್ಕದಲ್ಲಿ ದೀಪ ಹಚ್ಚಿ, ಉರಿ ಮುಖಕ್ಕೆ ಹಾರಿತ್ತಂತೆ. ಅದನ್ನು ಅವರು ಮುಚ್ಚಿಡುತ್ತಿರಲಿಲ್ಲ. ಪ್ರತಿ ವರ್ಷ ಮೊದಲ ದಿನ ಹೊಸ ಹುಡುಗರ ಮುಂದೆ ಟೋಪಿಯನ್ನು ಹಿಂದೆ ಸರಿಸಿ ಹಣೆ ತೋರಿಸುತ್ತಿದ್ದರು.

ಪುಣೆಯ ಆ ಕಾಲೇಜಿನಲ್ಲಿ ಹುಡುಗರೆಲ್ಲ ಧೋತರ ಉಟ್ಟು, ಹೆಗಲ ಮೇಲೆ ಶಲ್ಯ ಹಾಕಿಕೊಂಡು ಬರುತ್ತಿದ್ದ ಕಾಲ. ರಸಾಯನಶಾಲೆಯ ಬಾಗಿಲಲ್ಲಿ ಇವರು ಲಾಡಿಗಳ ಒಂದು ಕಟ್ಟು ಹಿಡಿದು ನಿಂತಿರುತ್ತಿದ್ದರು. ಶಲ್ಯ ತೆಗೆದು ಗೂಟಕ್ಕೆ ಹಾಕಬೇಕು. ಜೋಲುವ ಧೋತರವನ್ನು ಮೊಣಕಾಲಿನ ಕೆಳಗೆ ಲಾಡಿಯಿಂದ ಬಿಗಿಯಬೇಕು. ಜುಟ್ಟು ಟೋಪಿಯೊಳಗೆ ಹೋಗಬೇಕು. ಬರಿಗಾಲಲ್ಲಿ ಬಂದವನು ಮೂಲೆಯಲ್ಲಿದ್ದ ಹಳೆಯ ಬೂಟುಗಳ ರಾಶಿಯಲ್ಲಿ ತನ್ನ ಅಳತೆಯದನ್ನು ಹುಡುಕಿಕೊಳ್ಳಬೇಕು. ಒಮ್ಮೆ ಒಬ್ಬ ಹುಡುಗ ಇದು ಖಾದಿ ಶಲ್ಯ, ತೆಗೆಯುವುದಿಲ್ಲ ಎಂದು ಎದೆ ಸೆಟೆಸಿದ. ಖಾದಿ ಇನ್ನೂ ಬೇಗ ಹೊತ್ತಿಕೊಳ್ಳುತ್ತದೆ ಎಂದು ಮರಾಠಿಯಲ್ಲಿ ಹೇಳಿ, ಇವರೇ ಎಳೆದು ಗೂಟಕ್ಕೆ ಹಾಕಿದರು.

ನಾನು ಬಂದಾಗ ಮಾತ್ರ ಅವರು ಬಾಗಿಲ ಚೌಕಟ್ಟನ್ನು ನೋಡುತ್ತ ಪಕ್ಕಕ್ಕೆ ಸರಿದರು. ಆ ತರಗತಿಗೆ ನಾನೊಬ್ಬಳೇ ಹುಡುಗಿ. ಹುಡುಗಿಯ ಉಡುಗೆಯ ಬಗ್ಗೆ ಪರಗಂಡಸು ತುಟಿ ಬಿಚ್ಚುವ ಹಾಗಿರಲಿಲ್ಲ, ಮಾಸ್ತರರಾದರೂ ಅಷ್ಟೇ.

ನಾನು ಧಾರವಾಡದಿಂದ ಬಂದು ಸೋದರಮಾವನ ಮನೆಯಲ್ಲಿದ್ದೆ. ಅತ್ತೆ ಹಾಕಿದ ಷರತ್ತು ಒಂದೇ. ಸೆರಗು ಎರಡೂ ಹೆಗಲ ಮೇಲೆ ಹೊದ್ದಿರಬೇಕು, ಸೊಂಟಕ್ಕೆ ಸಿಕ್ಕಿಸಿಕೊಳ್ಳಬಾರದು. ಸೊಂಟಕ್ಕೆ ಸೆರಗು ಕಟ್ಟುವವರು ಜಗಳಗಂಟಿಯರು, ಕೂಲಿಗೆ ಹೋಗುವವರು ಎಂದು ಆಕೆಯ ನಂಬಿಕೆ. ಮಾವ ಇನ್ನೂ ಸ್ಪಷ್ಟವಾಗಿ ಹೇಳಿದ್ದರು: ಕಾಲೇಜಿನಿಂದ ನಿನ್ನ ಮೇಲೆ ಒಂದು ಮಾತು ಬಂದರೂ ಮರುದಿನದ ಗಾಡಿಗೆ ಧಾರವಾಡ, ಆಮೇಲೆ ಮದುವೆ. ಮಾವ ಆಡಿದ ಮಾತು ತಪ್ಪುವವರಲ್ಲ. ನನಗೆ ಓದು ಬೇಕಿತ್ತು, ಅದಕ್ಕಾಗಿ ಬಾಯಿ ಮುಚ್ಚಿಕೊಂಡು ಸೆರಗು ಹೊದ್ದೆ.

ಡೆಮಾನ್‌ಸ್ಟ್ರೇಟರು ಬೇರೆ ದಾರಿ ಹುಡುಕಿದರು. ನನ್ನ ಮೇಜಿನ ಸ್ಪಿರಿಟ್ ದೀಪವನ್ನೇ ತೆಗೆಸಿಬಿಟ್ಟರು. ಕಾಯಿಸಬೇಕಾದ್ದು ಏನಿದ್ದರೂ ತಾವೇ ಕಾಯಿಸಿ, ಬಿಸಿ ಕೊಳವೆಯನ್ನು ತಂದು ಇಟ್ಟು ಹೋಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಹೆಣ್ಣು ಎಂದರೆ ಕೈಲಾಗದವಳೆಂದು ತಿಳಿದಿದ್ದಾರೆ ಎಂದುಕೊಂಡೆ. ಪರೀಕ್ಷೆಯಲ್ಲಿ ಯಾರು ಬಂದು ಕಾಯಿಸಿಕೊಡುತ್ತಾರೆ? ಒಂದು ದಿನ ತಡೆಯಲಾರದೆ ಎಲ್ಲರ ಮುಂದೆ ಕೇಳಿದೆ. ಅವರು ವಿಜಾಪುರದ ಕಡೆಯವರು, ಹಾಗಾಗಿ ನಾನು ಕೇಳಿದ್ದು ಕನ್ನಡದಲ್ಲೇ.

"ಸರ್, ನನಗಷ್ಟ ದೀಪಾ ಯಾಕ ಕೊಡೂದಿಲ್ರಿ?"

ಅವರು ಕಿಟಕಿಯ ಕಡೆ ತಿರುಗಿ ನಿಂತರು. ಕಿಟಕಿಗೇ ಹೇಳುವವರಂತೆ ಮೆಲ್ಲಗೆ ಹೇಳಿದರು. "ಸೆರಗು ಸೊಂಟಕ್ಕ ಕಟ್ಟಿಕೋ ತಂಗಿ. ಕೊಡತೇನಿ."

ತರಗತಿಯಲ್ಲಿ ಕನ್ನಡ ತಿಳಿಯುವವನು ಇನ್ನೊಬ್ಬನಿದ್ದ, ಮಾವನ ನೆರೆಮನೆಯ ಹುಡುಗ. ಅವನು ದೂರದ ಮೇಜಿನಲ್ಲಿದ್ದ. ಅವನ ಕಿವಿಗೆ ಬಿದ್ದದ್ದು ಸೆರಗು ಎಂಬುದಷ್ಟೇ. ನಾನು ಮನೆ ಮುಟ್ಟುವಷ್ಟರಲ್ಲಿ ಅದು ಮಾವನನ್ನು ಮುಟ್ಟಿತ್ತು.

ಮರುದಿನ ಮಾವ ನನ್ನನ್ನು ಪ್ರಿನ್ಸಿಪಾಲರ ಕೋಣೆಗೆ ಕರೆದುಕೊಂಡು ಹೋದರು. ಡೆಮಾನ್‌ಸ್ಟ್ರೇಟರು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಅವರು ನಡೆದದ್ದನ್ನು ನಡೆದ ಹಾಗೆಯೇ ಹೇಳಿದ್ದರು, ಆದರೆ ಅದಕ್ಕೆ ಸಾಕ್ಷಿ ನಾನೊಬ್ಬಳೇ. ಇವರು ನಿನಗೆ ಏನು ಹೇಳಿದರು ಎಂದು ಪ್ರಿನ್ಸಿಪಾಲರು ಕೇಳಿದರು. ಮಾತು ತೆಗೆದವಳು ನಾನು ಎಂದು ಗೊತ್ತಾದರೆ ನನ್ನ ಓದು ಅಲ್ಲಿಗೆ ಮುಗಿಯುತ್ತಿತ್ತು. ಮಾವನ ಕೈ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿತ್ತು.

"ನನಗ ಸರಿಯಾಗಿ ಕೇಳಿಸಲಿಲ್ರಿ" ಎಂದೆ.

ಡೆಮಾನ್‌ಸ್ಟ್ರೇಟರು ನನ್ನ ಕಡೆ ನೋಡಲೂ ಇಲ್ಲ. ಅವರಿಗೆ ಬರಹದಲ್ಲಿ ಎಚ್ಚರಿಕೆ ಕೊಟ್ಟರು. ವಿದ್ಯಾರ್ಥಿನಿಯರೊಡನೆ ಮಾತಾಡಬಾರದು, ಅವರಿಗೆ ಬೇರೆ ಏರ್ಪಾಟೂ ಮಾಡಬಾರದು ಎಂದು ಅದರಲ್ಲಿತ್ತಂತೆ. ಆ ವರ್ಷ ಅವರಿಗೆ ಸಿಗಬೇಕಿದ್ದ ಪ್ರೊಫೆಸರ್ ಹುದ್ದೆ ಬೇರೆಯವರಿಗೆ ಹೋಯಿತು. ನನಗೆ ದೀಪ ಸಿಕ್ಕಿತು.

ಅಂದಿನಿಂದ ನಾನು ದೀಪ ಹಚ್ಚಿದಾಗಲೆಲ್ಲ ಅವರು ನನ್ನ ಹಿಂದೆ ಮೂರು ಮಾರು ದೂರದಲ್ಲಿ, ಒದ್ದೆ ಗೋಣಿಚೀಲವನ್ನು ತೋಳಿನ ಮೇಲೆ ಹಾಕಿಕೊಂಡು ನಿಲ್ಲುತ್ತಿದ್ದರು. ಗೋಣಿಯಿಂದ ನೆಲಕ್ಕೆ ಹನಿ ಬೀಳುವ ಸದ್ದು ನನಗೆ ಕೇಳಿಸುತ್ತಿತ್ತು. ತಿರುಗಿ ನೋಡಲು ಮುಖವಿರಲಿಲ್ಲ. ಅವರು ಅಲ್ಲಿಂದ ಹೋಗಬಾರದೇ ಎಂದು ಒಳಗೊಳಗೇ ಸಿಡುಕುತ್ತಿದ್ದೆ. ಸೆರಗನ್ನಂತೂ ಮುಟ್ಟಲಿಲ್ಲ. ಹೀಗೇ ಒಂದು ತಿಂಗಳು ನಡೆಯಿತು.

ಪರೀಕ್ಷೆಗೆ ಹತ್ತು ದಿನವಿರುವಾಗ, ದೀಪದ ಆಚೆಗಿದ್ದ ಬಾಟಲಿ ತೆಗೆದುಕೊಳ್ಳಲು ನಾನು ಬಗ್ಗಿದೆ. ಪಕ್ಕದ ಮೇಜಿನವನು ಆಮೇಲೆ ಹೇಳಿದ್ದು: ಡೆಮಾನ್‌ಸ್ಟ್ರೇಟರು ನನ್ನನ್ನು ಕೂಗಲು ಬಾಯಿ ತೆರೆದರು, ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದರು, ಆಮೇಲೆ ಓಡಿದರು. ಅಷ್ಟರಲ್ಲಿ ಎಡ ಹೆಗಲಿನಿಂದ ಇಳಿಬಿದ್ದ ಸೆರಗು ಹೊತ್ತಿಕೊಂಡಿತ್ತು. ನನಗೆ ಮೊದಲು ತಿಳಿದದ್ದು ಕುತ್ತಿಗೆಯ ಬಿಸಿ. ನಂತರ ಎರಡು ಕೈಗಳು ಉರಿಯುವ ಬಟ್ಟೆಯನ್ನು ಮುದ್ದೆ ಮಾಡಿ ಹಿಡಿದು ನನ್ನ ಮೈಯಿಂದ ಕಿತ್ತವು. ಹೊಗೆಯಾಡುತ್ತಿದ್ದ ನನ್ನ ಕೂದಲ ಮೇಲೆ ಒದ್ದೆ ಗೋಣಿ ಬಿತ್ತು. ಉರಿ ಆರಿಸಲು ಅವರ ಕೈಯಲ್ಲಿ ಬೇರೇನೂ ಉಳಿದಿರಲಿಲ್ಲ. ಹಾಗಾಗಿ ಸೆರಗನ್ನು ಅಂಗೈಗಳಿಂದಲೇ ನೆಲಕ್ಕೆ ಒತ್ತಿ ಒತ್ತಿ ಆರಿಸಿದರು.

ಮೂವತ್ತು ಹುಡುಗರ ನಡುವೆ ನಾನು ಸೆರಗಿಲ್ಲದೆ, ಮೇಲೆ ಬರೀ ಕುಪ್ಪಸದಲ್ಲಿ ನಿಂತಿದ್ದೆ. ಎಲ್ಲರೂ ಗೋಡೆಯ ಕಡೆ ತಿರುಗಿ ಎಂದು ಅವರು ಮರಾಠಿಯಲ್ಲಿ ಗದರಿದರು. ಮೂವತ್ತು ಬೆನ್ನುಗಳು ಒಟ್ಟಿಗೆ ತಿರುಗಿದವು. ಅವರೂ ತಿರುಗಿದರು. ತಿರುಗಿಯೇ ತಮ್ಮ ಕೋಟನ್ನು ಹಿಂದಕ್ಕೆ ಚಾಚಿದರು. ಅದರ ತೋಳಿಗೆ ಅವರ ಕೈಯ ಚರ್ಮ ಅಂಟಿತ್ತು.

ಮಾವ ಇನ್ನು ಸಾಕು, ಊರಿಗೆ ಹೊರಡು ಎಂದರು. ಅತ್ತೆ ಸುಟ್ಟ ಸೀರೆಯನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ಕೂತಿದ್ದಳು. ಪರೀಕ್ಷೆ ಮುಗಿಯಲಿ ಎಂದು ಅವಳೇ ತಡೆದಳು, ಮರುದಿನ ಬೆಳಿಗ್ಗೆ ನನ್ನ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿದಳು. ಅವಳ ಮೇಲೆ ನನಗಿದ್ದ ಸಿಟ್ಟು ಅರ್ಧ ಇಳಿಯಿತು.

ಅಂದೇ ಸರ್ಕಾರಿ ಆಸ್ಪತ್ರೆಗೆ ಹೋದೆ. ಅವರ ಎರಡೂ ಕೈಗಳಿಗೆ ಮೊಣಕೈವರೆಗೆ ಪಟ್ಟಿ ಕಟ್ಟಿದ್ದರು. ಹೆಂಡತಿ ಚಮಚದಿಂದ ಗಂಜಿ ಕುಡಿಸುತ್ತಿದ್ದರು. ನಾನು ಮಂಚದ ಕಾಲ ಬಳಿ ನಿಂತೆ.

"ಸರ್, ಅವತ್ತ ನನಗ ಕೇಳಿಸಿತ್ರಿ."

"ಗೊತ್ತದ" ಎಂದರು.

ಈಗಲೇ ಪ್ರಿನ್ಸಿಪಾಲರಲ್ಲಿಗೆ ಹೋಗಿ ನಿಜ ಹೇಳುತ್ತೇನೆ ಎಂದೆ. ಅವರು ತಲೆ ಅಲ್ಲಾಡಿಸಿದರು. "ಈಗ ಬ್ಯಾಡ. ನಿಮ್ಮ ಮಾವನ್ನ ಮತ್ತ ಕರಸ್ತಾರ, ನಿನ್ನ ಪರೀಕ್ಷಾ ಹೋಗ್ತದ. ಆಮ್ಯಾಲ ನೋಡಿದರಾತು."

ಪರೀಕ್ಷೆಯಲ್ಲಿ ಪಾಸಾದೆ. ಊರಿಗೆ ಹೋದೆ, ಕೆಲವು ವರ್ಷಗಳಲ್ಲಿ ನಾನೇ ರಸಾಯನಶಾಸ್ತ್ರ ಕಲಿಸುವವಳಾದೆ. ಪ್ರಿನ್ಸಿಪಾಲರಿಗೆ ಕಾಗದ ಬರೆಯುವುದು ನಾಳೆ, ನಾಳೆ ಎಂದು ಉಳಿಯಿತು. ಬಲಗೈಯ ಬೆರಳುಗಳು ಮಡಚಲು ಬಾರದಾದ ಕಾರಣ ಡೆಮಾನ್‌ಸ್ಟ್ರೇಟರನ್ನು ಕಾಲೇಜಿನ ಉಗ್ರಾಣಕ್ಕೆ ಹಾಕಿದರೆಂದು ಕೇಳಿದೆ. ಆ ಎಚ್ಚರಿಕೆ ಅವರ ಕಡತದಲ್ಲಿ ಹಾಗೆಯೇ ಇತ್ತು. ಸ್ವಾತಂತ್ರ್ಯ ಬರುವ ಮೊದಲಿನ ಬೇಸಿಗೆಯಲ್ಲಿ, ಉಗ್ರಾಣದ ಕೆಲಸದಲ್ಲಿದ್ದಾಗಲೇ ಅವರು ತೀರಿಕೊಂಡರು.

ನಿಜ ಹೇಳಲು ಹೊರಟಿದ್ದೆ, ಅವರೇ ತಡೆದರು ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಅದು ಸುಳ್ಳಲ್ಲ. ಆದರೆ ಅವರು ಬ್ಯಾಡ ಎಂದಾಗ, ಆ ಪಟ್ಟಿ ಕಟ್ಟಿದ ಕೈಗಳನ್ನು ನೋಡುತ್ತ ನಿಂತಿದ್ದಾಗಲೇ, ನನಗೆ ಹಾಯೆನಿಸಿತ್ತು.